ನೀರಿನಲ್ಲಿರುವ ವೈರಸ್‌ಗಳು ಯಾರ ಮೇಲೆ ಬದುಕುತ್ತವೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಒಂದು ಚಮಚ ಸಮುದ್ರದ ನೀರಿನಲ್ಲಿ ಸುಮಾರು 5 ಕೋಟಿ ವೈರಸ್ ಇರುತ್ತವೆ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಆ ಒಂದು ಸಾಲಿಗೇ ಜಾಸ್ತಿ ಪತ್ರಗಳು ಬಂದಿವೆ. ಹಲವರಿಗೆ ಭಯ, ಕೆಲವರಿಗೆ ಅನುಮಾನ, ವಿದ್ಯಾರ್ಥಿಗಳಿಗೆ ಕುತೂಹಲ. ಧಾರವಾಡದಲ್ಲಿ ವರ್ಷಗಟ್ಟಲೆ ಕೆರೆ ನೀರು ಸೋಸಿ, ಅದರಲ್ಲಿ ವೈರಸ್ ಹುಡುಕಿದವಳು ನಾನು. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾವು ದಿನಾ ಸಮುದ್ರಕ್ಕೆ ಇಳಿಯುವವರು. ಬಾಯಿಗೆ ಉಪ್ಪುನೀರು ಹೋಗುವುದು ಮಾಮೂಲು. ಕೋಟಿಗಟ್ಟಲೆ ವೈರಸ್ ಹೊಟ್ಟೆಗೆ ಹೋದರೂ ನಮಗೆ ಏನೂ ಆಗಿಲ್ಲ. ನೀವು ಬರೆದಿದ್ದು ನಿಜವಾ?
– ಮಲ್ಪೆಯ ಮೀನುಗಾರರೊಬ್ಬರು

ನಿಜ. ನಿಮಗೆ ಏನೂ ಆಗದಿರುವುದೂ ಅಷ್ಟೇ ನಿಜ. ಆ ವೈರಸ್‌ಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳ ಮೇಲೆ ಬದುಕುತ್ತವೆ. ಅವಕ್ಕೆ ಫೇಜ್ ಎನ್ನುತ್ತೇವೆ. ಒಂದು ಫೇಜ್ ಸಾಮಾನ್ಯವಾಗಿ ಒಂದು ಜಾತಿಯ ಬ್ಯಾಕ್ಟೀರಿಯಾಕ್ಕೆ, ಕೆಲವು ಸಲ ಆ ಜಾತಿಯ ಕೆಲವೇ ತಳಿಗಳಿಗೆ ಮಾತ್ರ ಅಂಟಬಲ್ಲದು. ಅಂಟುವುದಕ್ಕೆ ಬೇಕಾದ ಪ್ರೋಟೀನ್ ಅಥವಾ ಸಕ್ಕರೆ ಅಣು ಆ ಬ್ಯಾಕ್ಟೀರಿಯಾದ ಮೈಮೇಲೆ ಇರಬೇಕು. ನಮ್ಮ ಜೀವಕೋಶದ ಮೇಲೆ ಅದು ಇರುವುದಿಲ್ಲ.

ಈ ಫೇಜ್‌ಗಳು ಸುಮ್ನೆ ಕೂತಿಲ್ಲ. ಸಮುದ್ರದ ಸೂಕ್ಷ್ಮಜೀವಿಗಳಲ್ಲಿ ಸುಮಾರು ಶೇ. 20ರಷ್ಟನ್ನು ಅವು ದಿನವೂ ಒಡೆದು ಹಾಕುತ್ತವೆ ಎಂಬ ಅಂದಾಜಿದೆ. ಒಡೆದ ಜೀವಿಯೊಳಗಿನ ಸಾರಜನಕ, ರಂಜಕ, ಕಬ್ಬಿಣ ಮತ್ತೆ ನೀರಿಗೆ ಸೇರುತ್ತವೆ. ಅದನ್ನು ಉಂಡು ಪಾಚಿ ಬೆಳೆಯುತ್ತದೆ. ಪಾಚಿಯನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ನಿಮ್ಮ ಬಲೆಗೆ ಬೀಳುವ ಬೂತಾಯಿಯ ಹಿಂದೆ ಈ ವೈರಸ್‌ಗಳ ದುಡಿಮೆಯೂ ಇದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಊರಿನ ಚರಂಡಿ ನೀರು ಸೇರುವ ಅಳಿವೆಯಲ್ಲಿ ಮನುಷ್ಯರ ವೈರಸ್‌ಗಳೂ ಇರಬಹುದು. ಹೆಪಟೈಟಿಸ್ ಎ, ನೊರೊವೈರಸ್ ಅಂಥವು. ಮರುವಾಯಿ, ಪಚ್ಚಿಲೆ ನೀರನ್ನು ಸೋಸಿ ತಿನ್ನುವ ಚಿಪ್ಪುಜೀವಿಗಳು. ವೈರಸ್ ಅವುಗಳೊಳಗೆ ಉಳಿದುಬಿಡುತ್ತದೆ. ಆದ್ದರಿಂದ ಅವನ್ನು ಚೆನ್ನಾಗಿ ಬೇಯಿಸಿಯೇ ತಿನ್ನಿ.

ಪ್ರಶ್ನೆ: ವೈರಸ್ ಬೆಳೆಸಬೇಕಾದರೆ ಅದು ಸೋಂಕುವ ಜೀವಿಯನ್ನು ಮೊದಲು ಬೆಳೆಸಬೇಕು ಎಂದು ನಮಗೆ ಪಾಠದಲ್ಲಿ ಹೇಳಿದ್ದಾರೆ. ಹಾಗಿದ್ದರೆ ಯಾರೂ ಬೆಳೆಸದ ಲಕ್ಷಾಂತರ ವೈರಸ್‌ಗಳು ಇವೆ ಎಂದು ಹೇಗೆ ಗೊತ್ತಾಯಿತು?
– ದಾವಣಗೆರೆಯ ಎಂ.ಎಸ್ಸಿ. ವಿದ್ಯಾರ್ಥಿನಿ

ಪಾಠದಲ್ಲಿ ಹೇಳಿದ್ದು ಸರಿ. ಬಹಳ ಕಾಲ ಅದೇ ಅಡ್ಡಿಯಾಗಿತ್ತು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಮೇಲೆ ನೀರಿನ ಹನಿ ಬಿಟ್ಟು, ಎಲ್ಲಿ ಬೆಳವಣಿಗೆ ಸತ್ತು ತಿಳಿಯಾದ ಚುಕ್ಕೆ ಕಾಣುತ್ತದೋ ಅಲ್ಲಿ ಫೇಜ್ ಇದೆ ಎನ್ನುತ್ತಿದ್ದರು. ಆದರೆ ಪರಿಸರದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಮ್ಮ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಬ್ಯಾಕ್ಟೀರಿಯಾ ಬೆಳೆಯದಿದ್ದರೆ ಅದರ ಫೇಜ್ ಕಾಣುವುದಿಲ್ಲ.

1989ರಲ್ಲಿ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು ತಟ್ಟೆಯನ್ನು ಬದಿಗಿಟ್ಟರು. ನೀರಿನಲ್ಲಿರುವುದನ್ನೆಲ್ಲ ತಳಕ್ಕೆ ಇಳಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಎಣಿಸಿದರು. ಒಂದು ಮಿಲಿಲೀಟರಿಗೆ 25 ಕೋಟಿಯವರೆಗೆ ಬಂತು. ಹಿಂದಿನ ಲೆಕ್ಕಗಳು ಅದರ ಮುಂದೆ ಏನೇನೂ ಅಲ್ಲ. ಸಂಖ್ಯೆಯೇನೋ ಸಿಕ್ಕಿತು. ಆದರೆ ಆ ಚುಕ್ಕೆಗಳಲ್ಲಿ ಎಷ್ಟು ಬಗೆ ಇವೆ ಎನ್ನುವುದನ್ನು ಕಣ್ಣಿನಿಂದ ಹೇಳುವುದು ಆಗದ ಮಾತು.

ಬ್ಯಾಕ್ಟೀರಿಯಾ ಅಧ್ಯಯನ ಮಾಡುವವರಿಗೆ ಒಂದು ಅನುಕೂಲವಿದೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ 16ಎಸ್ ಎಂಬ ಜೀನ್ ಇದೆ. ಅದೊಂದನ್ನೇ ಓದಿದರೆ ಯಾವ ಕುಲ ಎಂದು ಹೆಚ್ಚುಕಡಿಮೆ ತಿಳಿಯುತ್ತದೆ. ವೈರಸ್‌ಗಳಲ್ಲಿ ಎಲ್ಲವಕ್ಕೂ ಸೇರಿದ ಜೀನ್ ಒಂದೂ ಇಲ್ಲ. ಆದ್ದರಿಂದ ನೀರಿನಲ್ಲಿರುವ ವೈರಸ್‌ಗಳ ಡಿಎನ್‌ಎಯನ್ನು ಪೂರ್ತಿ ಓದದೆ ಬೇರೆ ದಾರಿ ಇರಲಿಲ್ಲ. 2002ರಲ್ಲಿ ಮ್ಯಾ ಬ್ರೈಟ್‌ಬಾರ್ಟ್, ಫಾರೆಸ್ಟ್ ರೋವರ್ ಮತ್ತವರ ತಂಡ ಅದನ್ನೇ ಮಾಡಿತು. ಅಮೆರಿಕದ ಸ್ಯಾನ್ ಡಿಯಾಗೋದ ಎರಡು ಜಾಗಗಳ ಸಮುದ್ರದ ನೀರು ತಂದು, ವೈರಸ್ ಬೇರ್ಪಡಿಸಿ, ಡಿಎನ್‌ಎ ತುಣುಕುಗಳನ್ನು ಓದಿದರು. ಶೇ. 65ಕ್ಕೂ ಹೆಚ್ಚು ತುಣುಕುಗಳಿಗೆ ಅಂದಿನ ದಾಖಲೆಗಳಲ್ಲಿ ಹೋಲಿಕೆಯೇ ಇರಲಿಲ್ಲ. ಆ ಪ್ರಬಂಧವನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ದಡದಲ್ಲೇ ನಿಂತು ತುಂಬಿಸಿಕೊಂಡ ನೀರಿನಲ್ಲಿ ಇಷ್ಟೊಂದು ಅಪರಿಚಿತ ಜೀನ್‌ಗಳು!

ಕೈಯಲ್ಲಿ ಮಾಡುವ ಕೆಲಸ ಹೇಗಿರುತ್ತದೆ ಎಂದೂ ಹೇಳುತ್ತೇನೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ನಿಮಗೆ ಉಪಯೋಗಕ್ಕೆ ಬರಬಹುದು. ಕೆಲಗೇರಿ ಕೆರೆಯಿಂದ ಕ್ಯಾನಿನಲ್ಲಿ ನೀರು ತಂದು ಮೊದಲು ತೆಳು ಬಟ್ಟೆಯಲ್ಲಿ ಸೋಸುತ್ತಿದ್ದೆವು. ಆಮೇಲೆ 0.22 ಮೈಕ್ರಾನ್ ರಂಧ್ರದ ಫಿಲ್ಟರ್. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ, ವೈರಸ್ ಕೆಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಪಾಚಿ ಜಾಸ್ತಿಯಾದಾಗ ಫಿಲ್ಟರ್ ಹತ್ತೇ ನಿಮಿಷಕ್ಕೆ ಕಟ್ಟಿಕೊಳ್ಳುತ್ತಿತ್ತು. ಕೆಳಗಿಳಿದ ನೀರಿಗೆ ಫೆರಿಕ್ ಕ್ಲೋರೈಡ್ ಹಾಕಿ ಬಿಟ್ಟರೆ ಕಬ್ಬಿಣ ವೈರಸ್‌ಗಳನ್ನು ಹಿಡಿದುಕೊಂಡು ಗಡ್ಡೆ ಕಟ್ಟುತ್ತದೆ. ಅದನ್ನು ಇನ್ನೊಂದು ಫಿಲ್ಟರ್‌ನಲ್ಲಿ ಹಿಡಿದರೆ ತುಕ್ಕಿನ ಬಣ್ಣದ ಪದರ ಸಿಗುತ್ತದೆ. ಕ್ಯಾನುಗಟ್ಟಲೆ ನೀರಿನ ವೈರಸ್ ಆ ಅಂಗೈಯಗಲದ ಪದರದಲ್ಲಿ ಕೂತಿರುತ್ತದೆ.

ಅಲ್ಲಿಂದ ವೈರಸ್ ಬಿಡಿಸಿಕೊಂಡ ಮೇಲೆ ಡಿಎನ್‌ಏಸ್ ಎಂಬ ಕಿಣ್ವ ಹಾಕಬೇಕು. ಇದನ್ನು ಮರೆಯಬೇಡಿ. ಸತ್ತ ಬ್ಯಾಕ್ಟೀರಿಯಾಗಳ ಡಿಎನ್‌ಎ ನೀರಿನಲ್ಲಿ ತೇಲುತ್ತಿರುತ್ತದೆ. ಕಿಣ್ವ ಅದನ್ನು ತಿಂದುಹಾಕುತ್ತದೆ. ವೈರಸ್‌ನ ಡಿಎನ್‌ಎ ಪ್ರೋಟೀನ್ ಕವಚದ ಒಳಗಿರುವುದರಿಂದ ಉಳಿಯುತ್ತದೆ. ಆಮೇಲೆ ಕಿಣ್ವವನ್ನು ನಿಲ್ಲಿಸಿ, ಕವಚ ಒಡೆದು, ಡಿಎನ್‌ಎ ತೆಗೆದು ಸೀಕ್ವೆನ್ಸಿಂಗ್‌ಗೆ, ಅಂದರೆ ಅದರ ಅಕ್ಷರಗಳನ್ನು ಯಂತ್ರದಲ್ಲಿ ಓದಿಸುವುದಕ್ಕೆ, ಕಳಿಸುವುದು. ಕೆಲವು ವೈರಸ್‌ಗಳಲ್ಲಿ ಡಿಎನ್‌ಎ ಬದಲು ಆರ್‌ಎನ್‌ಎ ಇರುತ್ತದೆ. ಅಂಥ ಆರ್‌ಎನ್‌ಎ ವೈರಸ್ ಬೇಕಿದ್ದರೆ ದಾರಿ ಬೇರೆ. ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಪ್ರತಿಯಾಗಿ ಮಾಡಿಕೊಳ್ಳಬೇಕು.

ಕಂಪ್ಯೂಟರಿನ ಪಾಲಿನ ಕೆಲಸವೂ ಕಷ್ಟದ್ದೇ. ನೂರಾರು ಮದುವೆಗಳ ಲಗ್ನಪತ್ರಿಕೆಗಳನ್ನು ಚೂರುಚೂರು ಮಾಡಿ ಒಂದೇ ಚೀಲಕ್ಕೆ ತುಂಬಿ, ಯಾರ ಮದುವೆ ಯಾವ ಛತ್ರದಲ್ಲಿ ಎಂದು ಜೋಡಿಸಿ ಹೇಳು ಎಂದರೆ ಹೇಗೆ? ‘ಸುಖಾಗಮನವನ್ನು ಬಯಸುವ’ ಎಂಬ ಚೂರು ಎಲ್ಲ ಪತ್ರಿಕೆಗಳದ್ದೂ ಆಗಿರಬಹುದು. ಅದರಿಂದ ಏನೂ ತಿಳಿಯುವುದಿಲ್ಲ. ಹೆಸರು, ಊರು, ಮುಹೂರ್ತ ಒಂದರ ಮೇಲೊಂದು ಹಾಯುವ ಚೂರುಗಳು ಸಿಕ್ಕರೆ ಮಾತ್ರ ಜೋಡಿಸಬಹುದು. ವೈರಸ್‌ಗಳ ಜೀನೋಮ್ (ಒಂದು ವೈರಸ್ಸಿನ ಇಡೀ ಜೀನ್ ಬರಹ) ಜೋಡಣೆಯೂ ಹೀಗೇ. ಹತ್ತಿರದ ಬಂಧುಗಳಾದ ಎರಡು ಫೇಜ್‌ಗಳು ಒಂದೇ ನೀರಿನಲ್ಲಿದ್ದರೆ ಅವುಗಳಿಗೆ ಸಮಾನವಾದ ಭಾಗ ಬಂದಲ್ಲೆಲ್ಲ ಜೋಡಣೆ ತುಂಡಾಗುತ್ತದೆ. ಈಗ ಉದ್ದುದ್ದ ಓದುವ ನ್ಯಾನೊಪೋರ್ ಯಂತ್ರಗಳು ಬಂದಮೇಲೆ ಈ ತೊಂದರೆ ಎಷ್ಟೋ ಕಡಿಮೆಯಾಗಿದೆ.

ಈ ದಾರಿಯಲ್ಲಿ ಎಷ್ಟು ದೂರ ಬಂದಿದ್ದೇವೆ? ಟಾರಾ ಎಂಬ ಹಾಯಿಹಡಗು 2009ರಿಂದ 2013ರವರೆಗೆ ಜಗತ್ತಿನ ಸಮುದ್ರಗಳನ್ನು ಸುತ್ತಿ ನೀರು ಸಂಗ್ರಹಿಸಿತು. ಅದರಿಂದ 2016ರಲ್ಲಿ ಸುಮಾರು 15 ಸಾವಿರ ಬಗೆಯ ಡಿಎನ್‌ಎ ವೈರಸ್ ಲೆಕ್ಕಕ್ಕೆ ಸಿಕ್ಕವು. 2019ಕ್ಕೆ ಆ ಲೆಕ್ಕ 1,95,728 ಆಯಿತು. ಸಮಭಾಜಕದ ಹತ್ತಿರ ವೈವಿಧ್ಯ ಜಾಸ್ತಿ, ಧ್ರುವದ ಕಡೆ ಕಡಿಮೆ ಎನ್ನುವುದು ನಾವೆಲ್ಲ ಕಲಿತ ಪಾಠ ಅಲ್ವಾ? ವೈರಸ್‌ಗಳ ಮಟ್ಟಿಗೆ ಆರ್ಕ್ಟಿಕ್ ಸಮುದ್ರವೇ ಶ್ರೀಮಂತವಾಗಿತ್ತು.

ಪ್ರಶ್ನೆ: ಇಷ್ಟೆಲ್ಲಕ್ಕೂ ಹೆಸರಿಟ್ಟಿದ್ದಾರಾ?
– ಹಾಸನದ ಹೈಸ್ಕೂಲ್ ಶಿಕ್ಷಕರು

ಇಲ್ಲ ಸರ್. ವೈರಸ್‌ಗಳಿಗೆ ಅಧಿಕೃತ ಹೆಸರು ಕೊಡುವ ಅಂತರರಾಷ್ಟ್ರೀಯ ಸಮಿತಿಯ ಪಟ್ಟಿಯಲ್ಲಿ ಈಗ ಇರುವುದು ಸುಮಾರು 16 ಸಾವಿರ ಪ್ರಭೇದಗಳು. ಒಂದು ದೊಡ್ಡ ದತ್ತಾಂಶ ಸಂಗ್ರಹದಲ್ಲೇ ಒಂದೂವರೆ ಕೋಟಿಗೂ ಹೆಚ್ಚು ವೈರಸ್ ಜೀನೋಮ್‌ಗಳು ಮತ್ತು ಅವುಗಳ ತುಣುಕುಗಳಿವೆ. ಬರೀ ಜೀನೋಮ್ ನೋಡಿ ವೈರಸ್ಸಿಗೆ ಹೆಸರು ಕೊಡಬಹುದೇ ಎಂಬ ಬಗ್ಗೆ ತುಂಬಾ ಚರ್ಚೆ ನಡೆದು, ಕೊಡಬಹುದು ಎಂದು 2017ರಲ್ಲಿ ಒಪ್ಪಿಗೆಯಾಯಿತು. ನನಗೆ ಅದು ಸರಿಯಾದ ತೀರ್ಮಾನ ಅನಿಸುತ್ತದೆ. ಬೆಳೆಸಿದ್ದಕ್ಕೆ ಮಾತ್ರ ಹೆಸರು ಎಂದಿದ್ದರೆ ಭೂಮಿಯ ಬಹುಪಾಲು ವೈರಸ್‌ಗಳು ಪಟ್ಟಿಯ ಹೊರಗೇ ಉಳಿಯುತ್ತಿದ್ದವು.

ಪ್ರಶ್ನೆ: ಬ್ಯಾಕ್ಟೀರಿಯಾದಷ್ಟು ದೊಡ್ಡ ವೈರಸ್ ಇದೆಯಂತೆ. ಅಂಥದ್ದು ನಮ್ಮ ದೇಶದಲ್ಲೂ ಇದೆಯಾ?
– ಮೈಸೂರಿನ ನಿವೃತ್ತ ಎಂಜಿನಿಯರ್

ಇದೆ, ಮುಂಬೈಯಲ್ಲೇ ಸಿಕ್ಕಿದೆ. ಅದಕ್ಕೂ ಮುಂಚಿನ ಕತೆ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನದು. 1992ರಲ್ಲಿ ಅಲ್ಲಿ ನ್ಯುಮೋನಿಯಾದ ಮೂಲ ಹುಡುಕುತ್ತಾ ಕೂಲಿಂಗ್ ಟವರ್ ಒಂದರ ನೀರು ತೆಗೆದಿದ್ದರು. ಅದರಲ್ಲಿ ಅಮೀಬಾದೊಳಗೆ ಒಂದು ಜೀವಿ ಕಂಡಿತು. ಬ್ಯಾಕ್ಟೀರಿಯಾಕ್ಕೆ ಹಾಕುವ ಬಣ್ಣವನ್ನೂ ಹೀರಿಕೊಂಡಿತು. ಅದಕ್ಕೇ ಬ್ಯಾಕ್ಟೀರಿಯಾ ಎಂದುಕೊಂಡರು. ಫ್ರಾನ್ಸಿನ ತಂಡವೊಂದು 2003ರಲ್ಲಿ ಅದು ವೈರಸ್ ಎಂದು ತೋರಿಸಿತು. ಅದಕ್ಕೆ ಮಿಮಿವೈರಸ್ ಎಂದು ಹೆಸರಾಯಿತು. ಅದರ ಜೀನೋಮ್ ಸುಮಾರು 12 ಲಕ್ಷ ಅಕ್ಷರ ಉದ್ದ. ಕೊರೊನಾ ವೈರಸ್ಸಿನದು 30 ಸಾವಿರ. 2013ರಲ್ಲಿ ಸಿಕ್ಕ ಪಂಡೋರಾವೈರಸ್ಸಿನದು ಸುಮಾರು 25 ಲಕ್ಷ.

ಐಐಟಿ ಬಾಂಬೆಯ ಕಿರಣ್ ಕೊಂಡಬಾಗಿಲ್ ಅವರ ಪ್ರಯೋಗಾಲಯ ಮುಂಬೈಯ ನೀರಿನಲ್ಲಿ ಇಂಥ ದೈತ್ಯ ವೈರಸ್‌ಗಳನ್ನು ಹುಡುಕಿ ಅವುಗಳ ಜೀನೋಮ್ ಓದಿದೆ. ಅವುಗಳ ಹೆಸರು ಕೇಳಿ: ಪೊವೈ ಲೇಕ್ ಮೆಗಾವೈರಸ್, ಕುರ್ಲಾವೈರಸ್, ಮಿಮಿವೈರಸ್ ಬಾಂಬೆ. ಲೋಕಲ್ ರೈಲಿನ ನಿಲ್ದಾಣದ ಹೆಸರು ವೈರಸ್ಸಿಗೆ ಬಂದಿದೆ. ಇವೂ ಅಮೀಬಾದೊಳಗೆ ಬೆಳೆಯುವಂಥವು.

ಮೇಲಿನ ಉತ್ತರದಲ್ಲಿ 0.22 ಮೈಕ್ರಾನ್ ಫಿಲ್ಟರ್ ಬಗ್ಗೆ ಹೇಳಿದೆನಲ್ಲ, ಮಿಮಿವೈರಸ್ ಅದರಲ್ಲಿ ಇಳಿಯುವುದಿಲ್ಲ. ಅದರ ಕವಚವೇ ಸುಮಾರು 0.4 ಮೈಕ್ರಾನ್. ಫಿಲ್ಟರ್‌ನ ಮೇಲೆ ಬ್ಯಾಕ್ಟೀರಿಯಾಗಳ ಜೊತೆ ಉಳಿದುಬಿಡುತ್ತದೆ. ಫಿಲ್ಟರ್‌ನಲ್ಲಿ ಇಳಿದದ್ದು ಮಾತ್ರ ವೈರಸ್ ಎಂದು ನೂರು ವರ್ಷ ನಂಬಿದ್ದರಿಂದ ದೊಡ್ಡವುಗಳ ಕಡೆ ಯಾರೂ ನೋಡಲಿಲ್ಲ. ನಾವು ಬಳಸುವ ಉಪಕರಣವೇ ನಮಗೆ ಏನು ಕಾಣಬೇಕು ಎಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಅದಕ್ಕೇ ಈಗ ಹಲವರು ಫಿಲ್ಟರ್‌ನ ಮೇಲೆ ಉಳಿದದ್ದನ್ನೂ ಬಿಸಾಡದೆ ಓದುತ್ತಾರೆ.

ಪ್ರಶ್ನೆ: ಗಂಗಾಜಲ ಕೆಡದಿರುವುದಕ್ಕೆ ಅದರಲ್ಲಿರುವ ವೈರಸ್‌ಗಳೇ ಕಾರಣ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತು. ಕಾಶಿಯಿಂದ ತಂದ ತಂಬಿಗೆ ನಮ್ಮ ಮನೆಯಲ್ಲೂ ಇದೆ. ಕುಡಿಯಬಹುದಾ?
– ಬಾಗಲಕೋಟೆಯ ಗೃಹಿಣಿ

ಅಕ್ಕಾ, ಈ ಸುದ್ದಿಯ ಹಿಂದೆ ನಿಜವಾದ ಪ್ರಯೋಗ ಒಂದಿದೆ. 1896ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ ಗಂಗೆ ಮತ್ತು ಯಮುನೆಯ ನೀರು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂದು ಬರೆದ. ಅದೇ ನೀರನ್ನು ಕುದಿಸಿದರೆ ಆ ಗುಣ ಹೋಗುತ್ತಿತ್ತು. ಆಗ ಫೇಜ್ ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನ ಟ್ವಾರ್ಟ್ 1915ರಲ್ಲಿ, ಪ್ಯಾರಿಸ್‌ನಲ್ಲಿದ್ದ ಡೆರೆಲ್ 1917ರಲ್ಲಿ ಫೇಜ್‌ಗಳ ಬಗ್ಗೆ ಬರೆದರು. ಹ್ಯಾಂಕಿನ್ ಕಂಡದ್ದು ಫೇಜ್‌ಗಳ ಕೆಲಸವೇ ಇರಬಹುದು ಎಂದು ಆಮೇಲೆ ಹಲವರು ಹೇಳಿದರು.

ಆದರೆ ಕುಡಿಯಬೇಡಿ. ಫೇಜ್‌ಗಳು ಜಾಸ್ತಿ ಇರುವುದು ಅವುಗಳಿಗೆ ಬೇಕಾದ ಬ್ಯಾಕ್ಟೀರಿಯಾ ಜಾಸ್ತಿ ಇರುವ ಕಡೆ. ಕೊಳಚೆ ಸೇರುವ ಯಾವ ನದಿಯಲ್ಲಾದರೂ ಫೇಜ್ ಹೇರಳ. ನಿಮ್ಮ ಘಟಪ್ರಭೆಯಲ್ಲೂ ಇವೆ, ಬೆಂಗಳೂರಿನ ವೃಷಭಾವತಿಯಲ್ಲಂತೂ ಕೇಳಲೇಬೇಡಿ. ಒಂದು ಫೇಜ್ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಪಕ್ಕದಲ್ಲಿರುವ ಹತ್ತು ಬಗೆಯನ್ನು ಮುಟ್ಟುವುದಿಲ್ಲ. ಎಲ್ಲ ಬ್ಯಾಕ್ಟೀರಿಯಾವನ್ನೂ ಅವು ಮುಗಿಸುವುದಿಲ್ಲ, ಮುಗಿಸಿದರೆ ಅವೂ ಉಳಿಯುವುದಿಲ್ಲ. ಕಾಮಾಲೆ ತರುವ ವೈರಸ್ಸನ್ನಾಗಲಿ, ಕಾರ್ಖಾನೆಯ ಲೋಹವನ್ನಾಗಲಿ ಫೇಜ್ ತೆಗೆಯಲಾರದು. ತಂಬಿಗೆ ದೇವರ ಮನೆಯಲ್ಲಿರಲಿ, ಮಕ್ಕಳಿಗೆ ಕುಡಿಸಬೇಡಿ.

ಪ್ರಶ್ನೆ: ನಮ್ಮ ಕಡೆ ಪ್ರತಿ ವರ್ಷ ಮಂಗನ ಕಾಯಿಲೆಯ ಹೆದರಿಕೆ. ಕಾಡಿನ ಉಣುಗುಗಳನ್ನೆಲ್ಲ ಹಿಡಿದು ಹೀಗೆ ಜೀನೋಮ್ ಓದಿಸಿದರೆ ಮುಂದೆ ಬರುವ ಕಾಯಿಲೆ ಮೊದಲೇ ತಿಳಿಯುವುದಿಲ್ಲವೇ?
– ಸಾಗರದ ಅಡಿಕೆ ಬೆಳೆಗಾರರು

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಗೊತ್ತಿರುವ ವೈರಸ್ ಎಲ್ಲಿದೆ ಎಂದು ನೋಡುವುದು. ಇನ್ನೊಂದು, ಗೊತ್ತಿಲ್ಲದವನ್ನೆಲ್ಲ ಪಟ್ಟಿ ಮಾಡುವುದು. ಮೊದಲನೆಯದು ನಿಮಗೆ ಇವತ್ತೇ ಬೇಕಾದದ್ದು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ ವೈರಸ್ ಪತ್ತೆಗೆ ರೋಗಿಗಳ ಮತ್ತು ಮಂಗಗಳ ಮಾದರಿಯನ್ನು ಇಲಿಮರಿಗಳಿಗೆ ಚುಚ್ಚಿ ಕಾಯಬೇಕಾಗಿತ್ತು. ಈಗ ಅದರ ಜೀನೋಮ್ ನಮ್ಮ ಕೈಲಿದೆ. ಉಣುಗು ತಂದರೆ ಪಿಸಿಆರ್‌ನಲ್ಲಿ ಅದೇ ದಿನ ಹೇಳಬಹುದು.

ಎರಡನೆಯದರ ಬಗ್ಗೆ ನನ್ನ ಅಭಿಪ್ರಾಯ ಬೇರೆ. 2016ರಲ್ಲಿ ಚೀನಾ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು 220ಕ್ಕೂ ಹೆಚ್ಚು ಜಾತಿಯ ಕೀಟ, ಜೇಡ, ಉಣುಗು, ಹುಳುಗಳನ್ನು ನೋಡಿ 1,445 ಆರ್‌ಎನ್‌ಎ ವೈರಸ್ ಪತ್ತೆ ಮಾಡಿದರು. ಅದ್ಭುತವಾದ ಕೆಲಸ. ಆದರೆ ಅವುಗಳಲ್ಲಿ ಯಾವುದು ನಾಳೆ ಮನುಷ್ಯರಿಗೆ ಬರುತ್ತದೆ ಎಂದು ಜೀನೋಮ್ ನೋಡಿ ಹೇಳುವ ಶಕ್ತಿ ನಮಗೆ ಇನ್ನೂ ಬಂದಿಲ್ಲ. ಅದರಲ್ಲಿ ಹೆಚ್ಚಿನವು ಆ ಹುಳುವಿನೊಳಗೇ ಕೋಟ್ಯಂತರ ವರ್ಷಗಳಿಂದ ಸಾಗಿ ಬಂದವು. ‘ಮುಂದಿನ ಮಹಾಮಾರಿಯನ್ನು ಮೊದಲೇ ಹೇಳುತ್ತೇವೆ’ ಎಂದು ಹಣ ಕೇಳುವ ಯೋಜನೆಗಳನ್ನು ನಾನು ಒಪ್ಪುವುದಿಲ್ಲ. ವೈವಿಧ್ಯವನ್ನು ಅದರ ಸಲುವಾಗಿಯೇ ಓದಬೇಕು. ಕಾಯಿಲೆಯ ಕಾವಲು ಜನ ಇರುವ ಕಡೆ ಇರಬೇಕು.

ಬೆಂಗಳೂರಿನಲ್ಲಿ ಅಂಥ ಕಾವಲು ನಡೆದಿದೆ. 2022ರಲ್ಲಿ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ನೀರು ತೆಗೆದು, ಅದರಲ್ಲಿರುವ ಕೊರೊನಾ ವೈರಸ್ಸಿನ ಪ್ರಮಾಣ ಮತ್ತು ತಳಿಗಳನ್ನು ಅಳೆದರು. ಒಬ್ಬೊಬ್ಬರ ಮೂಗಿಗೆ ಕಡ್ಡಿ ಹಾಕದೆ ಇಡೀ ಊರಿನ ಸ್ಥಿತಿ ತಿಳಿಯಿತು. ಮಲೆನಾಡಿಗೂ ಉಣುಗು ಮತ್ತು ಸತ್ತ ಮಂಗಗಳ ಪರೀಕ್ಷೆ ಹೀಗೆ ವಾರವಾರ, ಊರೂರಲ್ಲಿ ತಪ್ಪದೆ ನಡೆಯಬೇಕು. ಅಲ್ಲಿಯವರೆಗೆ ತೋಟಕ್ಕೆ, ಸೊಪ್ಪಿಗೆ ಹೋಗುವಾಗ ಉಣುಗು ಹತ್ತಿರ ಬಾರದಂತೆ ಮಾಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಸೀಕ್ವೆನ್ಸರ್ ಬಿಡಿ, ಒಳ್ಳೆಯ ಸೂಕ್ಷ್ಮದರ್ಶಕವೂ ಇಲ್ಲ. ನನ್ನಂಥವಳು ಹೊಸ ವೈರಸ್ ಹುಡುಕಬಹುದಾ?
– ಕಲಬುರಗಿಯ ಬಿ.ಎಸ್ಸಿ. ವಿದ್ಯಾರ್ಥಿನಿ

ಖಂಡಿತ ಹುಡುಕಬಹುದು. ಈ ಪ್ರಶ್ನೆ ಬಂದಿದ್ದಕ್ಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿಯಾಗಿದೆ.

ಜಗತ್ತಿನ ಪ್ರಯೋಗಾಲಯಗಳು ತಾವು ಓದಿದ ಡಿಎನ್‌ಎ ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುತ್ತವೆ. ಯಾರೋ ಮಣ್ಣಿಗಾಗಿ ಓದಿಸಿದ್ದರಲ್ಲಿ, ಇನ್ಯಾರೋ ಕರುಳಿಗಾಗಿ ಓದಿಸಿದ್ದರಲ್ಲಿ ವೈರಸ್ ಅಡಗಿರುತ್ತದೆ. 2022ರಲ್ಲಿ ಆರ್ಟೆಮ್ ಬಾಬಾಯನ್ ಮತ್ತು ಗೆಳೆಯರು ಸೆರಾಟಸ್ ಎಂಬ ವ್ಯವಸ್ಥೆ ಕಟ್ಟಿ ಇಂಥ 57 ಲಕ್ಷ ದತ್ತಾಂಶ ಕಡತಗಳನ್ನು 11 ದಿನಗಳಲ್ಲಿ ಜಾಲಾಡಿದರು. ಆರ್‌ಎನ್‌ಎ ವೈರಸ್‌ಗಳೆಲ್ಲ ತಮ್ಮ ಪ್ರತಿ ಮಾಡಿಕೊಳ್ಳಲು ಬಳಸುವ ಒಂದು ಕಿಣ್ವದ ಜೀನ್ ಅವರಿಗೆ ಗುರುತಾಗಿತ್ತು. 1.3 ಲಕ್ಷಕ್ಕೂ ಹೆಚ್ಚು ಹೊಸ ಆರ್‌ಎನ್‌ಎ ವೈರಸ್ ಸಿಕ್ಕವು. ಅದಕ್ಕೆ ಮುಂಚೆ ಗೊತ್ತಿದ್ದವು ಸುಮಾರು 15 ಸಾವಿರ. ಅವರು ಒಂದು ಹನಿ ನೀರನ್ನೂ ಹೊಸದಾಗಿ ತೆಗೆಯಲಿಲ್ಲ.

ಕ್ರ್ಯಾಸ್‌ಫೇಜ್ ಕತೆ ಇನ್ನೂ ಚೆನ್ನಾಗಿದೆ. 2014ರಲ್ಲಿ ಬಾಸ್ ದುತಿಲ್ ಮತ್ತು ಜೊತೆಗಾರರು ಬೇರೆಯವರು ಓದಿಸಿಟ್ಟಿದ್ದ ಮನುಷ್ಯರ ಮಲದ ದತ್ತಾಂಶದಲ್ಲಿ ಸುಮಾರು 97 ಸಾವಿರ ಅಕ್ಷರಗಳ ಫೇಜ್ ಒಂದನ್ನು ಕಂಡರು. ಎಷ್ಟೋ ಜನರ ಕರುಳಲ್ಲಿ ಅದು ಇದೆ. ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದು ಯಾವ ಬ್ಯಾಕ್ಟೀರಿಯಾದ ಮೇಲೆ ಬದುಕುತ್ತದೆ ಎಂದು ಊಹೆ ಮಾಡಿದ್ದರು. 2018ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಅದರ ಬಂಧುವೊಂದನ್ನು ಬ್ಯಾಕ್ಟೀರಾಯ್ಡ್ಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಬೆಳೆಸಿದಾಗ ಊಹೆ ಸರಿ ಎಂದು ತಿಳಿಯಿತು.

ನೀವು ಹಿಡಿಯಬೇಕಾದ ಎಳೆ ಇದೇ. ಹೊಸ ಜೀನೋಮ್ ಸಿಗುವುದು ಈಗ ಕಷ್ಟವಲ್ಲ. ಅದು ಯಾರ ವೈರಸ್ ಎಂಬುದು ಬಹುಪಾಲು ಜೀನೋಮ್‌ಗಳ ಮಟ್ಟಿಗೆ ಇನ್ನೂ ಗೊತ್ತಿಲ್ಲ. ಸುಳಿವುಗಳಿವೆ. ಹಲವು ಬ್ಯಾಕ್ಟೀರಿಯಾಗಳು ತಮ್ಮ ಮೇಲೆ ದಾಳಿ ಮಾಡಿದ ಫೇಜ್‌ನ ಸಣ್ಣ ತುಣುಕನ್ನು ತಮ್ಮ ಡಿಎನ್‌ಎಯಲ್ಲೇ ಇಟ್ಟುಕೊಳ್ಳುತ್ತವೆ. ಕ್ರಿಸ್ಪರ್ ಎಂದರೆ ಅದೇ ವ್ಯವಸ್ಥೆ. ಆ ತುಣುಕು ನಿಮ್ಮ ಹೊಸ ಫೇಜ್‌ಗೆ ಹೊಂದಿದರೆ, ಆ ಫೇಜ್ ಯಾವ ಬ್ಯಾಕ್ಟೀರಿಯಾದ್ದು ಎಂದು ತಿಳಿಯುತ್ತದೆ. ಇದಕ್ಕೆ ಬೇಕಾಗುವುದು ಸಾಧಾರಣ ಲ್ಯಾಪ್‌ಟಾಪ್, ಇಂಟರ್‌ನೆಟ್ ಮತ್ತು ಲಿನಕ್ಸ್ ಕಲಿಯುವ ತಾಳ್ಮೆ. ವೈರಸ್ ಗುರುತಿಸುವ ಜಿನೊಮ್ಯಾಡ್, ಜೀನೋಮ್ ಎಷ್ಟು ಪೂರ್ತಿಯಾಗಿದೆ ಎಂದು ಹೇಳುವ ಚೆಕ್‌ವಿ ಎರಡೂ ಉಚಿತ ತಂತ್ರಾಂಶಗಳು. ದೊಡ್ಡ ಕಡತಕ್ಕೆ ಕೈ ಹಾಕಬೇಡಿ. ಭಾರತದ ಒಂದು ಕೆರೆಯ ಅಥವಾ ಒಂದು ಹೊಲದ ದತ್ತಾಂಶ ಆರಿಸಿಕೊಳ್ಳಿ.

ತಟ್ಟೆಯ ಕೆಲಸವನ್ನೂ ಬಿಡಬೇಡಿ. ಅಮೆರಿಕದಲ್ಲಿ 2008ರಿಂದ ಪದವಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಿತ್ತಲ ಮಣ್ಣಿನಿಂದ ಫೇಜ್ ತೆಗೆದು ಅದರ ಜೀನೋಮ್ ಓದುವ ಕೋರ್ಸ್ ಇದೆ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ಕೊಳೆತ ಬದನೆಕಾಯಿಯಿಂದ ಒಂದು ಫೇಜ್ ತೆಗೆದಿದ್ದಳು. ಅದಕ್ಕೆ ಮಡ್ಡಿ ಎಂದು ಹೆಸರು. ಯಾವ ಔಷಧಕ್ಕೂ ಬಗ್ಗದ ಮೈಕೊಬ್ಯಾಕ್ಟೀರಿಯಾ ಸೋಂಕಿದ್ದ 15 ವರ್ಷದ ಹುಡುಗಿಗೆ ಲಂಡನ್ನಿನಲ್ಲಿ ಕೊಟ್ಟ ಮೂರು ಫೇಜ್‌ಗಳಲ್ಲಿ ಮಡ್ಡಿಯೂ ಒಂದು. ಹುಡುಗಿ ಚೇತರಿಸಿಕೊಂಡಳು. 2019ರಲ್ಲಿ ಅದು ಪ್ರಕಟವಾಯಿತು.

ನಿಮ್ಮ ಕಾಲೇಜಿನಲ್ಲಿ ಅಗಾರ್ ತಟ್ಟೆ, ಇನ್‌ಕ್ಯುಬೇಟರ್, ಸಿರಿಂಜ್ ಫಿಲ್ಟರ್ ಇದ್ದರೆ ಸಾಕು. ನಿಮ್ಮ ಕಡೆಯ ತೊಗರಿ ಹೊಲದ ಮಣ್ಣು ತನ್ನಿ. ತೊಗರಿ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ. ಮಣ್ಣನ್ನು ನೀರಿನಲ್ಲಿ ಕಲಕಿ, ಸೋಸಿ, ಆ ನೀರಿನ ಹನಿಯನ್ನು ರೈಜೋಬಿಯಂ ತಟ್ಟೆಯ ಮೇಲೆ ಬಿಡಿ. ರೈಜೋಬಿಯಂ ಅಪಾಯದ ಜೀವಿಯಲ್ಲ, ಆದ್ದರಿಂದ ಕಾಲೇಜಿನಲ್ಲಿ ಧೈರ್ಯವಾಗಿ ಮಾಡಬಹುದು. ತಿಳಿ ಚುಕ್ಕೆ ಕಂಡರೆ ನಿಮ್ಮ ಫೇಜ್ ಯಾರ ಮೇಲೆ ಬದುಕುತ್ತದೆ ಎನ್ನುವುದು ಮೊದಲೇ ಗೊತ್ತಾಗಿರುತ್ತದೆ, ಜೀನೋಮ್ ಆಮೇಲೆ ಓದಿಸಿದರಾಯಿತು. ಮಣ್ಣು ತೆಗೆದ ಜಾಗ, ತಾರೀಖು, ಆಳ, ಹಿಂದಿನ ಬೆಳೆ ಇವನ್ನು ಮಾತ್ರ ಅವತ್ತೇ ಬರೆದಿಡಿ. ಚುಕ್ಕೆ ಬಂದರೆ ಫೋಟೊ ಜೊತೆಗೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಮುಂದೆ ಏನು ಮಾಡಬೇಕು ಎಂದು ತಿಳಿಸುತ್ತೇನೆ.